ಗುಂಡಿ ಕಂಡು ರಿವರ್ಸ್

ದೊಡ್ಡನೆಕ್ಕುಂದಿ ರಿಂಗ್ ರೋಡಿನ ಪಕ್ಕದಲ್ಲೇ ಇಸ್ರೋದ ಐಸೈಟ್ ಇದೆ, ಚಂದ್ರಯಾನ ನೌಕೆಗಳನ್ನ ಜೋಡಿಸಿ ಪರೀಕ್ಷೆ ಮಾಡೋ ಜಾಗ. ಚಂದ್ರನ ಮೇಲೆ ಇಳಿದ 26 ಕೆಜಿಯ ಪ್ರಜ್ಞಾನ್, ಆರು ಚಕ್ರದ ಗಾಡಿ, ಓಡ್ತಿದ್ದದ್ದು ಸೆಕೆಂಡಿಗೆ ಒಂದು ಸೆಂಟಿಮೀಟರ್. ಸಂಜೆ ಆರರ ನಮ್ಮ ಬಸ್ಸಿಗಿಂತ ನಿಧಾನ, ಸ್ವಲ್ಪವೇ.

2023ರ ಆಗಸ್ಟ್ 27ಕ್ಕೆ ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಗುಂಡಿ ಸಿಕ್ತು. ಬಂದ ದಾರೀಲೇ ವಾಪಸ್ ಬಾ ಅಂದ್ರು, ಬಂತು. ಇಡೀ ಮಿಷನ್‌ನಲ್ಲಿ ನನಗಿಷ್ಟವಾಗಿದ್ದು ಈ ರಿವರ್ಸೇ. ಅಪ್ಪಣೆ ಹೊರಟಿದ್ದು ಪೀಣ್ಯದಲ್ಲಿರೋ ಇಸ್ರೋ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಿಂದ. ಅದೂ ನೇರವಾಗಲ್ಲ, ಪ್ರಜ್ಞಾನ್ ಮಾತಾಡ್ತಿದ್ದದ್ದು ವಿಕ್ರಮ್ ಲ್ಯಾಂಡರ್ ಜೊತೆ ಮಾತ್ರ. ಮಿಷನ್ ಮುಗಿಯೋ ಹೊತ್ತಿಗೆ ಒಟ್ಟು ನೂರು ಮೀಟರ್ ಚಿಲ್ಲರೆ ಓಡಾಡಿ, ಮಣ್ಣಿಗೆ ಲೇಸರ್ ಹೊಡೆದು, ಗಂಧಕ ಇದೆ ಅಂತ ವರದಿ ಕಳಿಸಿತ್ತು.