ಮಗ್ಗುಲು ಬದಲಿಸಿದ ‘ಟಸ್ಕ್’

ಹಳೆಯ ಎಲ್‌ಪಿ ರೆಕಾರ್ಡುಗಳ ಮೋಹಕ್ಕೆ ಬಿದ್ದವರ ಬದುಕಿನಲ್ಲಿ ಕೊಂಡು, ಮಾರಿ, ಮತ್ತೆ ಹುಡುಕಿ ಕೊಂಡ ಆಲ್ಬಂ ಒಂದಾದರೂ ಇದ್ದೇ ಇರುತ್ತದೆ. ಮೊದಲ ಸಲ ಊರವರ ಮಾತು ಕೇಳಿ ಕೊಳ್ಳುತ್ತಾರೆ, ಎರಡನೆಯ ಸಲ ತಮ್ಮ ಕಿವಿಯ ಮಾತು ಕೇಳಿ. ಫ್ಲೀಟ್‌ವುಡ್ ಮ್ಯಾಕ್ ರಾಕ್ ತಂಡದ ‘ಟಸ್ಕ್’ಗೆ ಈ ಎರಡನೆಯ ಖರೀದಿಯೇ ನ್ಯಾಯ ಒದಗಿಸಿತು.

ಅದು ಹುಟ್ಟಿದ ಗಳಿಗೆಯೇ ಕಷ್ಟದ್ದು. 1977ರಲ್ಲಿ ಇದೇ ತಂಡದ ‘ರೂಮರ್ಸ್’ ಬಂದು, ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ 31 ವಾರ ಕುಳಿತಿತ್ತು. ಎಲ್ಲರೂ ಇನ್ನೊಂದು ‘ರೂಮರ್ಸ್’ಗಾಗಿ ಕಾದಿದ್ದರು. 1979ರ ಅಕ್ಟೋಬರ್‌ನಲ್ಲಿ ಬಂದದ್ದು ಎರಡು ತಟ್ಟೆಗಳ, 20 ಹಾಡುಗಳ, ಸುಮಾರು 16 ಡಾಲರ್ ಬೆಲೆಯ ‘ಟಸ್ಕ್’. ಪಂಕ್ ಸಂಗೀತಕ್ಕೆ ಕಿವಿಗೊಟ್ಟಿದ್ದ ಗಿಟಾರ್ ವಾದಕ ಲಿಂಡ್ಸೆ ಬಕಿಂಗ್‌ಹ್ಯಾಮ್ ಮನೆಯಲ್ಲೇ ಟೇಪ್ ಯಂತ್ರ ಇಟ್ಟುಕೊಂಡು, ಬಚ್ಚಲುಮನೆಯನ್ನೂ ಸ್ಟುಡಿಯೊ ಮಾಡಿಕೊಂಡು, ಟಿಶ್ಯೂ ಕಾಗದದ ಡಬ್ಬಿ ಬಡಿದು ತಾಳ ಹಾಕಿದ್ದರು. ತಯಾರಿಕೆಗೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ಖರ್ಚಾಗಿತ್ತು. ಬಿಡುಗಡೆಯ ಹೊತ್ತಿಗೆ ಒಂದು ರೇಡಿಯೊ ಜಾಲ ಇಡೀ ಆಲ್ಬಮನ್ನು ಪ್ರಸಾರ ಮಾಡಿತು. ಜನ ಕ್ಯಾಸೆಟ್ಟಿಗೆ ಇಳಿಸಿಕೊಂಡರು. ಸುಮಾರು 40 ಲಕ್ಷ ಪ್ರತಿ ಮಾರಾಟವಾದರೂ ‘ಸೋತ ಆಲ್ಬಂ’ ಎಂಬ ಹಣೆಪಟ್ಟಿ ಅಂಟಿತು.

ಮುಂದೆ ಸಿಡಿ ಬಂತು. ಅಮೆರಿಕದ ಮನೆಮನೆಗಳಿಂದ ಎಲ್‌ಪಿಗಳು ರಟ್ಟಿನ ಪೆಟ್ಟಿಗೆ ತುಂಬಿಕೊಂಡು ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಹೊರಟವು. ಅಂಗಡಿಯವರು ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡುತ್ತಾರೆ, ಅಂಚು ಸೊಟ್ಟಗಾಗಿದೆಯೇ ಎಂದು ಕಣ್ಣಳತೆ ಹಾಕುತ್ತಾರೆ. ನಗದು ಕೇಳಿದರೆ ಕಡಿಮೆ, ಬದಲಿಗೆ ಅಂಗಡಿಯಲ್ಲೇ ಬೇರೆ ರೆಕಾರ್ಡ್ ಎತ್ತಿಕೊಂಡರೆ ಹೆಚ್ಚು. ‘ಟಸ್ಕ್’ ಮಾರಿ ಅದರದೇ ಸಿಡಿ ಕೊಂಡವರು ತಾವು ಕಳೆದುಕೊಂಡದ್ದೇನು ಎಂದು ಕವರ್ ನೋಡಿ ಊಹಿಸುವಂತಿರಲಿಲ್ಲ. ಎರಡು ತಟ್ಟೆಗಳ ಸಂಗೀತವನ್ನು ಒಂದೇ ಸಿಡಿಯಲ್ಲಿ ಹಿಡಿಸಲು ತಂಡದ ಗಾಯಕಿ ಸ್ಟೀವಿ ನಿಕ್ಸ್ ಅವರ ‘ಸಾರಾ’ ಹಾಡಿಗೆ ಕತ್ತರಿ ಬಿದ್ದಿತ್ತು. ಎಲ್‌ಪಿಯಲ್ಲಿ ಆರು ನಿಮಿಷ ಮೀರಿ ಹರಿಯುವ ಹಾಡು ಅಲ್ಲಿ ನಾಲ್ಕೂವರೆ ನಿಮಿಷದ ಆಸುಪಾಸಿಗೆ ಇಳಿದಿತ್ತು. ಪೂರ್ತಿ ಹಾಡು ಆಲ್ಬಂನ ಸಿಡಿಗೆ ಮರಳಿದ್ದು 2004ರ ಆವೃತ್ತಿಯಲ್ಲಿ.

ಕತ್ತರಿಗಿಂತ ದೊಡ್ಡ ನಷ್ಟ ಮಗ್ಗುಲುಗಳದ್ದು. ‘ಟಸ್ಕ್’ ಎಂದರೆ ಐದೈದು ಹಾಡುಗಳ ನಾಲ್ಕು ಮಗ್ಗುಲು, ಒಂದೊಂದಕ್ಕೂ ಇಪ್ಪತ್ತು ನಿಮಿಷದೊಳಗಿನ ಅವಧಿ. ಕೀಬೋರ್ಡ್ ವಾದಕಿ ಕ್ರಿಸ್ಟೀನ್ ಮ್ಯಾಕ್‌ವೀ ಅವರ ‘ಓವರ್ ಆ್ಯಂಡ್ ಓವರ್’ ಮೆಲ್ಲನೆ ಕರೆದೊಯ್ಯುತ್ತದೆ. ಹಿಂದೆಯೇ ಬಕಿಂಗ್‌ಹ್ಯಾಮ್ ಅವರ ‘ದ ಲೆಡ್ಜ್’ ಒರಟಾಗಿ ನುಗ್ಗುತ್ತದೆ. ಮೊದಲ ಮಗ್ಗುಲು ಮುಗಿಯುವುದು ‘ಸಾರಾ’ದಿಂದ. ಹಾಡು ಕರಗಿ, ಸೂಜಿ ಮೇಲೆದ್ದು, ಕೇಳುಗ ಎದ್ದು ತಟ್ಟೆ ಮಗುಚುವವರೆಗಿನ ಮೌನ ಆ ಹಾಡಿಗೆ ಸಲ್ಲಬೇಕಾದದ್ದು. ಸಿಡಿಯಲ್ಲಿ ಕೆಲವೇ ಕ್ಷಣಗಳಲ್ಲಿ ಮುಂದಿನ ಹಾಡಿನ ಡ್ರಮ್ಮು ಬಡಿಯತೊಡಗುತ್ತದೆ. ‘ನಾಟ್ ದಟ್ ಫನ್ನಿ’ ಮತ್ತು ‘ಐ ನೋ ಐ ಆ್ಯಮ್ ನಾಟ್ ರಾಂಗ್’ ಹಾಡುಗಳು ಒಂದೇ ಸಾಲನ್ನು ಹಂಚಿಕೊಂಡಿವೆ. ಒಂದೇ ಉಸಿರಿಗೆ ಕೇಳಿದವರಿಗೆ ಅದು ಸರಕು ತೀರಿದ ಲಕ್ಷಣ. ಒಂದು ಎರಡನೆಯ ಮಗ್ಗುಲಲ್ಲಿ, ಇನ್ನೊಂದು ಮೂರನೆಯದರ ಕೊನೆಯಲ್ಲಿ ಸಿಕ್ಕಾಗ, ಹಳೆಯ ಜಗಳವನ್ನೇ ಬೇರೆ ದನಿಯಲ್ಲಿ ಮುಂದುವರಿಸಿದಂತೆ ಕೇಳುತ್ತದೆ.

ಮೂರನೆಯ ಮಗ್ಗುಲಿನ ‘ಬ್ರೌನ್ ಐಸ್’ ಇನ್ನೂ ತಾಳ್ಮೆ ಬೇಡುತ್ತದೆ. ಅದರ ಕೊನೆಯಲ್ಲಿ ದನಿ ಕುಗ್ಗುತ್ತಿರುವಾಗ ಕೇಳುವ ಗಿಟಾರ್, ತಂಡದ ಸ್ಥಾಪಕ ಪೀಟರ್ ಗ್ರೀನ್ ಅವರದು. 1970ರಲ್ಲಿ ತಂಡ ಬಿಟ್ಟವರು, ಕವರಿನ ಮೇಲೆ ಹೆಸರೂ ಇಲ್ಲದೆ ಹೀಗೆ ಬಂದು ಹೋಗಿದ್ದಾರೆ. ಅಡುಗೆ ಮಾಡುತ್ತಾ ಕೇಳುವವರಿಗೆ ಇದು ದಕ್ಕುವುದಿಲ್ಲ.

ಶೀರ್ಷಿಕೆ ಗೀತೆಯ ಕಥೆ ಎಲ್ಲರಿಗೂ ಪ್ರಿಯ. ಡ್ರಮ್ ವಾದಕ ಮಿಕ್ ಫ್ಲೀಟ್‌ವುಡ್ ಫ್ರಾನ್ಸಿನ ಬಾರ್ಫ್ಲರ್ ಎಂಬ ಊರಿನಲ್ಲಿ ಬೆಳಬೆಳಗ್ಗೆ ಬೀದಿಯಲ್ಲಿ ಸಾಗಿದ ಹಿತ್ತಾಳೆ ವಾದ್ಯಗಳ ಮೇಳ ಕೇಳಿದ್ದರು. ಆ ನೆನಪಿನಿಂದಲೇ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬ್ಯಾಂಡನ್ನು ಲಾಸ್ ಏಂಜಲೀಸ್‌ನ ಖಾಲಿ ಡಾಡ್ಜರ್ ಸ್ಟೇಡಿಯಮ್ಮಿಗೆ ಕರೆಸಿ, ನುಡಿಸಿ, ಮುದ್ರಿಸಿಕೊಂಡರು. ಬೇಸ್ ವಾದಕ ಜಾನ್ ಮ್ಯಾಕ್‌ವೀ ಆಗ ಸಮುದ್ರಯಾನದಲ್ಲಿದ್ದರು. ಹಾಡಿನ ವಿಡಿಯೊ ಚಿತ್ರೀಕರಣಕ್ಕೆ ಅವರ ರಟ್ಟಿನ ಆಳೆತ್ತರದ ಪ್ರತಿಕೃತಿ ಬಂತು. ನಾಲ್ಕನೆಯ ಮಗ್ಗುಲಲ್ಲಿ ‘ವಾಕ್ ಎ ಥಿನ್ ಲೈನ್’ನ ನಿಧಾನದ ಬೆನ್ನಿಗೇ ಈ ಕಹಳೆಗಳು ಏಳುತ್ತವೆ. ತಂಡ ಇದಕ್ಕಿಂತ ಧೈರ್ಯದ ಹಾಡು ಮಾಡಿಲ್ಲ.

2022ರಲ್ಲಿ ಅಮೆರಿಕದಲ್ಲಿ, 1987ರ ನಂತರ ಮೊದಲ ಬಾರಿಗೆ, ಎಲ್‌ಪಿಗಳು ಸಂಖ್ಯೆಯಲ್ಲಿ ಸಿಡಿಗಳನ್ನು ಮೀರಿಸಿ ಮಾರಾಟವಾದವು. ‘ಟಸ್ಕ್’ ಕೂಡ ಹೊಸ ಅಚ್ಚಿನಲ್ಲಿ ಸಿಗುತ್ತದೆ. ‘ರೂಮರ್ಸ್’ ಮೊದಲ ಸಲವೇ ತನ್ನದೆಲ್ಲವನ್ನೂ ಕೊಟ್ಟುಬಿಡುತ್ತದೆ, ಅದರಲ್ಲಿ ಕುಂದಿಲ್ಲ. ಆದರೆ ಮತ್ತೆ ಮತ್ತೆ ಮರಳಲು ಯೋಗ್ಯವಾದ ಆಲ್ಬಂ ‘ಟಸ್ಕ್’.

ಕೊಳ್ಳುವವರಿಗೆ ಒಂದು ಮಾತು: 1979ರ ಪ್ರತಿಯಲ್ಲಿ ಒಂದೊಂದು ತಟ್ಟೆಗೂ ಒಂದರೊಳಗೊಂದು ಎರಡೆರಡು ಒಳಹೊದಿಕೆಗಳಿವೆ. ಹಳೆಯ ಪ್ರತಿ ಕೈಗೆ ಸಿಕ್ಕರೆ ನಾಲ್ಕೂ ಇವೆಯೇ ಎಂದು ನೋಡಿ, ಮೂರನೆಯ ಮಗ್ಗುಲನ್ನು ಅಂಗಡಿಯಲ್ಲೇ ಹಾಕಿಸಿ ಕೇಳಿ, ಆಮೇಲೆ ದುಡ್ಡು ಕೊಡಿ.