ಜಯಲಕ್ಷ್ಮೀ ವಿಲಾಸ

ಗೋಕಾವಿ, ತುಕ್ಕಾನಟ್ಟಿಗಳ ಸೀಮೆಯಲ್ಲಿ ದೊಡ್ಡ ಮನೆತನದವರ ಮನೆಗೆ ವಾಡೆಯೆಂದು ಹೆಸರು. ವಂಶವು ಚೆದುರಿ ಬಾಗಿಲಿಗೆ ಬೀಗ ಬಿದ್ದ ಮೇಲೆ ಅಂತಹ ಮನೆಯ ಗತಿಯೇನಾಗುವುದೆಂಬುದನ್ನು ವಾಚಕರು ಬಲ್ಲರು. ಮೊದಲು ಮಾಳಿಗೆಯು ಸೋರುವುದು. ಬಳಿಕ ಜಂತಿಗಳು ಕೊಳೆಯುವುವು. ಕೊನೆಗೆ ಗೋಡೆಯು ಕುಸಿಯುವುದು. ಈ ಗತಿಗೆ ಸಿಕ್ಕದೆ ಬೇರೊಂದು ಬಾಳನ್ನು ಪಡೆದ ದೊಡ್ಡ ಮನೆಯೊಂದನ್ನು ನೋಡಬೇಕೆನ್ನುವವರು, ಮೈಸೂರಿಗೆ ಹೋದಾಗ ದೊಡ್ಡ ಅರಮನೆಯ ದೀಪಗಳನ್ನು ಕಂಡಷ್ಟಕ್ಕೇ ತೃಪ್ತರಾಗದೆ, ಕುಕ್ಕರಹಳ್ಳಿಯ ಕೆರೆಯ ಮಗ್ಗುಲಿನ ಮಾನಸಗಂಗೋತ್ರಿಗೂ ಹೋಗಬೇಕು.

ಅಲ್ಲಿಯ ದಿಣ್ಣೆಯ ಮೇಲಿರುವುದೇ ಜಯಲಕ್ಷ್ಮೀ ವಿಲಾಸವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1905ರಲ್ಲಿ, ಅವರ ಹಿರಿಯ ಸಹೋದರಿಯಾದ ಜಯಲಕ್ಷಮ್ಮಣ್ಣಿಯವರ ವಾಸಕ್ಕಾಗಿ ಇದು ನಿರ್ಮಿತವಾಯಿತು. ಆಕೆಯ ಪತಿಗಳಾದ ಸರ್ದಾರ್ ಎಂ. ಕಾಂತರಾಜ ಅರಸರು 1918ರಿಂದ 1922ರ ವರೆಗೆ ಮೈಸೂರಿನ ದಿವಾನರಾಗಿದ್ದರು. ಸಾಲುಗಂಬಗಳೂ ಕೆತ್ತನೆಯ ಬಾಗಿಲುಗಳೂ ಆ ವೈಭವವನ್ನು ಇಂದಿಗೂ ನೆನಪಿಗೆ ತರುವುವು.

1959ರಲ್ಲಿ, ಕುವೆಂಪುರವರು ಉಪಕುಲಪತಿಗಳಾಗಿದ್ದಾಗ, ಮೈಸೂರು ವಿಶ್ವವಿದ್ಯಾನಿಲಯವು ಇದನ್ನು ತನ್ನದಾಗಿಸಿಕೊಂಡಿತು. ಮರುವರ್ಷವೇ ಸುತ್ತಣ ಪ್ರದೇಶದಲ್ಲಿ ಉನ್ನತ ವ್ಯಾಸಂಗದ ಕೇಂದ್ರವು ಮೊದಲಾಯಿತು. ಅದಕ್ಕೆ ಮಾನಸಗಂಗೋತ್ರಿಯೆಂದು ನಾಮಕರಣ ಮಾಡಿದವರೂ ಅವರೇ. ರಾಜಕುಮಾರಿಯ ಅಂಗಳಕ್ಕೆ ಒಕ್ಕಲಿಗರ ಮಕ್ಕಳು ಪುಸ್ತಕ ಹಿಡಿದು ಬರುವಂತಾಯಿತು. 1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯವು ಸ್ಥಾಪಿತವಾದಾಗ, ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ಬೇಸಾಯದ ಉಪಕರಣ ಮೊದಲಾದ ಹಳ್ಳಿಯ ಒಡವೆಗಳು ಅರಮನೆಯ ಒಳಕ್ಕೇ ಬಂದು ನೆಲಸಿದುವು.

ಆದರೆ ಒಡೆತನವು ಬದಲಾದ ಮಾತ್ರದಿಂದ ಮರ ಗಾರೆಗಳ ಮನೆಯು ಉಳಿಯಲಾರದು. ಕಟ್ಟಡವು ಶಿಥಿಲವಾಗಲು, ಇನ್ಫೋಸಿಸ್ ಪ್ರತಿಷ್ಠಾನದ ಧನಸಹಾಯದಿಂದ 2002ರಲ್ಲಿ ಜೀರ್ಣೋದ್ಧಾರವು ಆರಂಭವಾಗಿ 2006ರಲ್ಲಿ ಮುಗಿಯಿತು. ಅನಂತರವೂ ಕೆಲವು ಭಾಗಗಳು ಹಾಳಾಗಿ ಮತ್ತೆ ದುರಸ್ತಿಯನ್ನು ಬೇಡಿದುವು. ಆದುದರಿಂದ ಒಳಗೆ ಪ್ರವೇಶವುಂಟೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗುವುದು ಲೇಸು.

ಸಿರಿವಂತರ ಸೊತ್ತು ವಿದ್ಯಾರ್ಥಿಗಳಿಗೆ ಸಲ್ಲುವುದು ಬೆಳಗಾವಿ ಜಿಲ್ಲೆಗೂ ಹೊಸತಲ್ಲ. 1906ರಲ್ಲಿ ಕಾಲವಾದ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಬೀಗ ಬಿದ್ದ ವಾಡೆಯುಳ್ಳ ಮನೆತನದವರು ಇದನ್ನು ಮನಸ್ಸಿಗೆ ತಂದುಕೊಳ್ಳಬಹುದು. ಊರಿನ ಶಾಲೆಗೋ ವಾಚನಾಲಯಕ್ಕೋ ಮನೆಯನ್ನು ಬಿಟ್ಟುಕೊಡುವ ಮನಸ್ಸಿದ್ದರೆ, ವರ್ಷವರ್ಷದ ದುರಸ್ತಿಗೆ ತಕ್ಕ ಹಣವನ್ನೂ ಜೊತೆಗಿರಿಸಿ, ಮಾಳಿಗೆಯು ಸೋರುವ ಮುನ್ನವೇ ಆ ಕಾರ್ಯವನ್ನು ಮಾಡುವುದು ಒಳಿತು.