ವಾಪಸ್ ಬಾರದ ಆವೃತ್ತಿ

ಆ್ಯಪ್ ಬಿಡುಗಡೆ ಮಾಡುವವರಿಗೆ ಗೊತ್ತಿರುವ, ಬಳಸುವವರಿಗೆ ಅಷ್ಟಾಗಿ ಗೊತ್ತಿರದ ಸಂಗತಿ ಒಂದಿದೆ. ಒಮ್ಮೆ ಫೋನ್ ಸೇರಿದ ಆವೃತ್ತಿಯನ್ನು ವಾಪಸ್ ಕರೆಸಿಕೊಳ್ಳಲು ಆಗುವುದಿಲ್ಲ. ವೆಬ್‌ಸೈಟಿನಲ್ಲಾದರೆ ಕೂಡಲೇ ಹಳೆಯದನ್ನು ಹಾಕಿಬಿಡಬಹುದು. ಇಲ್ಲಿ ಹಳೆಯ ಕೋಡನ್ನೇ ಕೊಡಬೇಕೆಂದರೂ ಇನ್ನೂ ದೊಡ್ಡ ವರ್ಷನ್ ಸಂಖ್ಯೆ ಕೊಟ್ಟು, ರಿವ್ಯೂ ದಾಟಿಸಿ, ಹೊಸದೆಂದೇ ಕಳಿಸಬೇಕು.

ಅದಕ್ಕೇ ಹಂತ ಹಂತದ ಬಿಡುಗಡೆ. ಆಪಲ್‌ನಲ್ಲಿ ಅದು 7 ದಿನದ ಲೆಕ್ಕ. ಆಟೋ ಅಪ್‌ಡೇಟ್ ಇಟ್ಟುಕೊಂಡವರಲ್ಲಿ ಮೊದಲ ದಿನ ಶೇ. 1, ಆಮೇಲೆ 2, 5, 10, 20, 50, ಕೊನೆಗೆ 100. ನಡುವೆ ಒಟ್ಟು 30 ದಿನದವರೆಗೆ ನಿಲ್ಲಿಸಿಡಬಹುದು. ಪ್ಲೇ ಸ್ಟೋರ್‌ನಲ್ಲಿ ಶೇಕಡಾವಾರು ನಾವೇ ನಿರ್ಧರಿಸುತ್ತೇವೆ, ಕ್ರ್ಯಾಶ್ ಹೆಚ್ಚಾದರೆ ತಡೆಯುತ್ತೇವೆ. ಆಗಲೇ ಪಡೆದವರ ಫೋನಿನಲ್ಲಿ ಮಾತ್ರ ಅದು ಹಾಗೇ ಉಳಿಯುತ್ತದೆ. ಆ ಶೇ. 1 ನಮ್ಮ ಡ್ಯಾಶ್‌ಬೋರ್ಡಿನಲ್ಲಿ ತೆಳ್ಳನೆಯ ಗೆರೆ. ಆಚೆ ಇರುವುದು ಔಷಧಿ ಅಂಗಡಿ ಮುಂದೆ ದುಡ್ಡು ಕಟ್ಟಲು ಆ್ಯಪ್ ತೆರೆದು ನಿಂತ ಮನುಷ್ಯ.

ಇನ್ನು ‘ಹೊಸದೇನು’ ಎಂಬ ಜಾಗ. ಪ್ಲೇ ಸ್ಟೋರ್ ಒಂದೊಂದು ಭಾಷೆಗೂ 500 ಅಕ್ಷರ ಕೊಡುತ್ತದೆ, ಕನ್ನಡಕ್ಕೂ. ಆದರೂ ಎಷ್ಟೋ ಆ್ಯಪ್‌ಗಳಲ್ಲಿ ವರ್ಷಪೂರ್ತಿ ಅದೇ ‘ದೋಷಗಳನ್ನು ಸರಿಪಡಿಸಲಾಗಿದೆ’. ಹಣ ಕಳಿಸುವ ಬಟನ್ ಮೇಲಿಂದ ಕೆಳಗೆ ಬಂದಿದ್ದರೆ ಹಾಗಂತಲೇ ಬರೆಯಬೇಕು. ಮನೆಯ ಹಿರಿಯರು ಎಷ್ಟೋ ಸಲ ಬಟನ್ ಇರುವ ಜಾಗ ನೆನಪಿಟ್ಟುಕೊಂಡೇ ಆ್ಯಪ್ ಬಳಸುತ್ತಾರೆ.

ಬಿಡುಗಡೆ ನಿಮ್ಮ ಕೈಯಲ್ಲಿದ್ದರೆ ಒಂದು ವಿನಂತಿ: ಶುಕ್ರವಾರ ಸಂಜೆ ಮಾಡಬೇಡಿ. ಸೋಮವಾರ, ಕ್ರ್ಯಾಶ್ ವರದಿ ನೋಡಲು ಜನ ಇರುವಾಗ ಮಾಡಿ.